ಎಲೀಟ್ ಡೇಂಜರಸ್ ಕಾಳಗ: ಅಸಿಸ್ಟ್ ಆನ್, ಪೂರ್ತಿ ಆಫ್, ಇಲ್ಲವೇ ಒತ್ತಿ ಹಿಡಿದಷ್ಟು ಹೊತ್ತು ಆಫ್

ಬಾಹ್ಯಾಕಾಶದಲ್ಲಿ ಹಡಗು ಹಾರಿಸಿ ಕಾದಾಡುವ ಈ ಕಂಪ್ಯೂಟರ್ ಆಟದಲ್ಲಿ ಮೇಲಿನ ಮೂರು ದಾರಿಗಳ ಪೈಕಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರನೆಯದಕ್ಕೆ. ಫ್ಲೈಟ್ ಅಸಿಸ್ಟ್ (ಹಾರಾಟಕ್ಕೆ ಹಡಗಿನ ಕಂಪ್ಯೂಟರ್ ಕೊಡುವ ನೆರವು) ಆನ್ ಇಟ್ಟುಕೊಂಡೇ ಹಾರುವುದು, ಬೇಕಾದ ಗಳಿಗೆಯಲ್ಲಿ ಮಾತ್ರ ಒಂದು ಬಟನ್ ಒತ್ತಿ ಹಿಡಿದು ಅದನ್ನು ಆಫ್ ಮಾಡುವುದು, ಬೆರಳೆತ್ತಿದರೆ ಮತ್ತೆ ಆನ್. ಪೂರ್ತಿ ಆಫ್ ಇಟ್ಟು ಹಾರುವವರ ವಿಡಿಯೋಗಳಿಗೆ ಮನಸೋತು, ಅದಕ್ಕೆಂದೇ ಒಂದು ಜಾಯ್‌ಸ್ಟಿಕ್ ತರಿಸಿ, ಅದರ ಜತೆ ಸಾಕಷ್ಟು ಗುದ್ದಾಡಿದ ಮೇಲೆ ಬರೆಯುತ್ತಿರುವ ಹೋಲಿಕೆ ಇದು. ಆಡಿದ್ದು ಬಹುಪಾಲು ವೈಪರ್ ಮಾರ್ಕ್ 3 ಮತ್ತು ವಲ್ಚರ್ ಎಂಬ ಕಾಳಗದ ಹಡಗುಗಳಲ್ಲಿ, ಉಂಗುರಗಳ ಬಂಡೆಗಳ ನಡುವೆ ಕಳ್ಳರು ಸುಳಿದಾಡುವ ರಿಸೋರ್ಸ್ ಸೈಟ್‌ಗಳಲ್ಲಿ. ಎದುರಾಳಿಗಳು ಕಂಪ್ಯೂಟರ್ ಓಡಿಸುವ ಹಡಗುಗಳೇ. ಮನುಷ್ಯರ ಜತೆ ಕಾದಾಡಿದ್ದು ಅಪರೂಪ, ಅದನ್ನು ಗಮನದಲ್ಲಿಟ್ಟು ಓದಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಸಿಸ್ಟ್ ಆನ್ ಇದ್ದಾಗ ಮೂತಿ ಎತ್ತ ತಿರುಗಿತೋ ಹಡಗೂ ಅತ್ತಲೇ ಹೋಗುವ ಹಾಗೆ ಕಂಪ್ಯೂಟರ್ ತಾನೇ ಥ್ರಸ್ಟರ್ (ಹಡಗನ್ನು ಬೇಕಾದತ್ತ ತಳ್ಳುವ ಪುಟ್ಟ ಇಂಜಿನ್) ಉರಿಸಿ ಅಡ್ಡಜಾರಾಟವನ್ನು ತಡೆಯುತ್ತಿರುತ್ತದೆ. ಸ್ಟಿಕ್ ಬಿಟ್ಟರೆ ತಿರುಗುವುದೂ ನಿಲ್ಲುತ್ತದೆ. ಆಫ್ ಮಾಡಿದಿರೋ, ಹಡಗು ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತಿರುತ್ತದೆ, ತಿರುಗುತ್ತಿದ್ದರೆ ತಿರುಗುತ್ತಲೇ ಇರುತ್ತದೆ. ನಿಲ್ಲಿಸುವುದು ನಿಮ್ಮ ಹೊಣೆ. 1984ರ ಮೊದಲ ಎಲೀಟ್‌ನಲ್ಲಿ ಹಡಗುಗಳು ಹೆಚ್ಚುಕಡಿಮೆ ವಿಮಾನದಂತೆ ಹಾರುತ್ತಿದ್ದವು. 1993ರ ಫ್ರಾಂಟಿಯರ್: ಎಲೀಟ್ 2 ನ್ಯೂಟನ್‌ಗೆ ನಿಷ್ಠವಾಯಿತು. ಅಲ್ಲಿ ಕಾಳಗವೆಂದರೆ ಎದುರುಬದುರು ನುಗ್ಗಿ, ಹೊಡೆದು, ಒಬ್ಬರನ್ನೊಬ್ಬರು ದಾಟಿ ದೂರ ಹೋಗಿ, ಹಿಂದಿರುಗಿ ಮತ್ತೆ ನುಗ್ಗುವುದು ಎಂಬಂತಾಯಿತು. 2014ರ ಡೇಂಜರಸ್ ಎರಡನ್ನೂ ಒಂದೇ ಗುಂಡಿಗೆ ಕಟ್ಟಿ, ಮೇಲೆ ವೇಗಕ್ಕೊಂದು ಮಿತಿಯನ್ನೂ ಹಾಕಿತು. ಫಿಸಿಕ್ಸ್ ಮೇಷ್ಟ್ರು ಮುಖ ಸಿಂಡರಿಸಬಹುದು, ಆದರೆ ಕಾಳಗ ಕಣ್ಣಳತೆಯಲ್ಲೇ ನಡೆಯುವುದು ಆ ಮಿತಿಯ ದೆಸೆಯಿಂದ.

ಆನ್ ಇಟ್ಟು ಹಾರುವುದನ್ನು ಹಳಬರು ತಾತ್ಸಾರ ಮಾಡುವಷ್ಟು ಕಳಪೆಯೇನಲ್ಲ. ಥ್ರಾಟಲ್ ಮಾಪಕದ ನಡುವಿನ ನೀಲಿ ಪಟ್ಟಿಯಲ್ಲಿ ವೇಗ ಇದ್ದಾಗ ಹಡಗು ಅತಿ ಚುರುಕಾಗಿ ತಿರುಗುತ್ತದೆ. ಹೊಸಬರಲ್ಲಿ ಅರ್ಧ ಜನ ಥ್ರಾಟಲ್ ಪೂರ್ತಿ ಒತ್ತಿಕೊಂಡೇ ತಿರುಗಿಸಲು ಹೋಗಿ ‘ಈ ಹಡಗು ಬಗ್ಗುವುದೇ ಇಲ್ಲ’ ಅನ್ನುತ್ತಾರೆ. ಐವತ್ತು ಪ್ರತಿಶತ ವೇಗಕ್ಕೆ ಒಂದು ಕೀ ಕಟ್ಟಿಕೊಂಡರೆ ಆ ದೂರು ಮುಗಿಯಿತು. ‘ಯಾ’ (ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು) ಮಾತ್ರ ಬೇಕೆಂದೇ ನಿಧಾನ ಇಟ್ಟಿದ್ದಾರೆ, ಹಾಗಾಗಿ ರೋಲ್ ಮಾಡಿ (ಹಡಗನ್ನು ಮಗ್ಗುಲಿಗೆ ಹೊರಳಿಸಿ) ಗುರಿಯನ್ನು ತಲೆಯ ಮೇಲೆ ತಂದುಕೊಂಡು ಪಿಚ್ ಎಳೆಯಬೇಕು (ಮೂತಿ ಮೇಲೆತ್ತಬೇಕು), ಜತೆಗೆ ಮೇಲ್ಮುಖ ಥ್ರಸ್ಟರ್ ಒತ್ತಿದರೆ ಸುತ್ತು ಇನ್ನಷ್ಟು ಕಿರಿದಾಗುತ್ತದೆ. ಇಂಜಿನ್, ವೆಪನ್ಸ್ (ಗನ್), ಸಿಸ್ಟಮ್ಸ್ (ಶೀಲ್ಡ್) ಈ ಮೂರಕ್ಕೆ ಶಕ್ತಿ ಹಂಚುವ ಚುಕ್ಕಿಗಳಾದ ಪಿಪ್‌ಗಳಲ್ಲಿ ನಾಲ್ಕನ್ನು ಇಂಜಿನ್‌ಗೆ ಕೊಟ್ಟರೆ ತಿರುವೂ ಚುರುಕು. ಹೊಡೆಯುವ ಸಮಯ ಬಂದಾಗ ಬಾಣದ ಕೀಗಳಿಂದ ವೆಪನ್ಸ್‌ಗೆ ದಾಟಿಸಿ, ಪೆಟ್ಟು ಬೀಳುವಾಗ ಸಿಸ್ಟಮ್ಸ್‌ಗೆ. ನಿಜ ಹೇಳಬೇಕೆಂದರೆ, ಅಸಿಸ್ಟ್ ಆನೋ ಆಫೋ ಎಂಬ ವಾದಕ್ಕಿಂತ ಈ ಪಿಪ್ ಆಡಿಸುವ ಬೆರಳು ಹೆಚ್ಚು ಕಾಳಗ ಗೆದ್ದುಕೊಡುತ್ತದೆ.

ಆದರೆ ಎದುರಿಗೆ ಈಗಲ್‌ನಂಥ ಚುರುಕು ಹಡಗು ಬಂದರೆ ಆನ್‌ನ ಮಿತಿ ಗೊತ್ತಾಗುತ್ತದೆ. ಅದರ ಹಿಂದೆ ನೀವು, ನಿಮ್ಮ ಹಿಂದೆ ಅದು, ಇಬ್ಬರೂ ಗಾಣದ ಎತ್ತಿನ ಹಾಗೆ ಸುತ್ತುತ್ತೀರಿ. ಯಾರ ಮೂತಿಯೂ ಯಾರಿಗೂ ತಾಕುವುದಿಲ್ಲ.

ಇನ್ನು ಪೂರ್ತಿ ಆಫ್. ನೋಡಲು ಇದಕ್ಕಿಂತ ಚಂದದ್ದು ಈ ಆಟದಲ್ಲಿ ಇಲ್ಲ. ಬಂಡೆಯ ಸುತ್ತ ಅಡ್ಡಡ್ಡ ಜಾರುತ್ತಾ, ಮೂತಿಯನ್ನು ಮಾತ್ರ ಗುರಿಯ ಮೇಲೆ ನೆಟ್ಟು ಹೊಡೆಯುವವರನ್ನು ಕಂಡರೆ ಹೊಟ್ಟೆಕಿಚ್ಚು ಬರುತ್ತದೆ. ಎಲ್ಲ ದಿಕ್ಕಿನ ಥ್ರಸ್ಟರ್‌ಗಳೂ ನಿಮ್ಮ ಕೈಯಲ್ಲೇ ಇರುವುದರಿಂದ ಎದುರಾಳಿಗೆ ನಿಮ್ಮ ಮುಂದಿನ ಜಾಗ ಊಹಿಸುವುದು ಕಷ್ಟ. ಇದನ್ನು ಕಲಿಯಬೇಕೆಂದೇ ನಾನು ತಿರುಚುವ ಹಿಡಿಯ ಅಗ್ಗದ ಜಾಯ್‌ಸ್ಟಿಕ್ ಕೊಂಡದ್ದು. ಕಂಪನಿಯ ಹೆಸರು ಬೇಡ, ಆ ಬೆಲೆಯಲ್ಲಿ ಯಾರದ್ದು ಕೊಂಡರೂ ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ.

ಎಡವಟ್ಟು ಶುರುವಾದದ್ದು ಆ ತಿರುಚುವ ಹಿಡಿಯಲ್ಲಿ. ಒಳಗೆ ಇರುವುದು ಪೊಟೆನ್ಷಿಯೋಮೀಟರ್. ಉಜ್ಜಿ ಉಜ್ಜಿ ಸವೆಯುವ ಭಾಗ, ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯಲ್ಲೂ ಇದೇ ಇರುತ್ತಿತ್ತು. ಸ್ವಲ್ಪ ಹಳತಾದ ಮೇಲೆ, ಕೈ ತೆಗೆದಿದ್ದರೂ ಅದು ಮಧ್ಯದಲ್ಲಿ ನಿಲ್ಲದೆ ಆಚೀಚೆ ನಡುಗುತ್ತಿತ್ತು. ಅಸಿಸ್ಟ್ ಆನ್ ಇರುವವರೆಗೆ ಇದು ಗೊತ್ತೇ ಆಗಲಿಲ್ಲ, ಪ್ರತಿ ನಡುಕವನ್ನೂ ಕಂಪ್ಯೂಟರ್ ಒರೆಸಿಹಾಕುತ್ತದಲ್ಲ. ಆಫ್ ಮಾಡಿದ ಕ್ಷಣ ಪ್ರತಿ ನಡುಕವೂ ಒಂದು ತಳ್ಳು. ತಳ್ಳಿದ್ದನ್ನು ತಡೆಯುವವರಿಲ್ಲ, ಹಾಗಾಗಿ ಮೂತಿ ಮೆಲ್ಲಗೆ ಎಡಕ್ಕೆ ಸರಿಯುತ್ತಲೇ ಇರುತ್ತದೆ. ಬಲಕ್ಕೆ ತಿರುಚಿದರೆ ಜಾಸ್ತಿಯಾಗುತ್ತದೆ, ಎಡಕ್ಕೆ ತಂದರೆ ಅದೂ ಜಾಸ್ತಿ. ಅಷ್ಟರಲ್ಲಿ ಪಕ್ಕದಿಂದ ಬಂಡೆಯೊಂದು ಬಂದು ಶೀಲ್ಡ್‌ಗೆ ಬಡಿಯುತ್ತದೆ. ಬಂದದ್ದು ಬಂಡೆಯಲ್ಲ, ಜಾರಿಕೊಂಡು ಹೋದದ್ದು ನೀವೇ.

ಪರಿಹಾರವೆಂದರೆ ಡೆಡ್‌ಝೋನ್ (ಸ್ಟಿಕ್ ಅಲುಗಿದರೂ ಆಟ ಲೆಕ್ಕಿಸದ ಮಧ್ಯದ ಜಾಗ) ಹೆಚ್ಚಿಸುವುದು ಎಂದು ಎಲ್ಲರೂ ಹೇಳುತ್ತಾರೆ. ಹೆಚ್ಚಿಸಿದೆ. ನಡುಕ ನಿಂತಿತು, ಅದರ ಜತೆಗೇ ನಾಜೂಕೂ ಹೋಯಿತು. ಮಧ್ಯದ ಆಸುಪಾಸಿನಲ್ಲಿ ಎಷ್ಟು ತಿರುಚಿದರೂ ಏನೂ ಆಗುವುದಿಲ್ಲ, ಆಮೇಲೆ ತಟ್ಟನೆ ಆಗುತ್ತದೆ. ಫಿಕ್ಸೆಡ್ (ಮೂತಿಯ ನೇರಕ್ಕೇ ಹೊಡೆಯುವ) ಗನ್‌ನಿಂದ ಗುರಿ ಹಿಡಿಯಲು ಬೇಕಾದದ್ದೇ ಆ ಮಧ್ಯದ ಕೂದಲೆಳೆಯಷ್ಟು ಜಾಗ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದು, ತಳ ಬಿಚ್ಚಿ ಹೊಡೆದೆ. ಕೆಲದಿನ ಸರಿಯಿತ್ತು, ಮತ್ತೆ ಅದೇ ರಾಗ. ಮಾರಿದ ಅಂಗಡಿಯವನಿಗೆ ಕೇಳಿದರೆ ‘ಸರ್, ಗೇಮ್ ಸೆಟ್ಟಿಂಗ್ ನೋಡಿ’ ಅಂದ. ಕೊನೆಗೆ ತಿರುಚುವ ಅಕ್ಷವನ್ನೇ ಬಿಚ್ಚಿಹಾಕಿ ‘ಯಾ’ ತಿರುವನ್ನು ಕೀಬೋರ್ಡ್‌ಗೆ ಕೊಟ್ಟೆ. ಆಗ ಪಕ್ಕದ ಥ್ರಸ್ಟರ್, ಮೇಲೆ-ಕೆಳಗಿನ ಥ್ರಸ್ಟರ್, ಯಾ, ಪಿಪ್‌ಗಳು ಎಲ್ಲವೂ ಎಡಗೈಯ ಐದು ಬೆರಳಿಗೆ ಬಂದವು. ಪಿಯಾನೋ ಬಾರಿಸುವವರಿಗೆ ಆದೀತು.

ಹಾಲ್ ಸೆನ್ಸರ್ ಇರುವ ಸ್ಟಿಕ್‌ಗಳಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಅಯಸ್ಕಾಂತದಿಂದ ಅಳತೆ, ಉಜ್ಜುವ ಭಾಗವೇ ಇಲ್ಲ. ಎರಡು ಕೈಗೂ ಒಂದೊಂದು ಸ್ಟಿಕ್ ಇದ್ದರೆ ಪೂರ್ತಿ ಆಫ್‌ಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆ ದುಡ್ಡಿನಲ್ಲಿ ನನ್ನ ಹಳೇ ಗ್ರಾಫಿಕ್ಸ್ ಕಾರ್ಡ್ ಬದಲಾಗುತ್ತದೆ ಎಂಬುದು ಬೇರೆ ಮಾತು.

ಹಾಗಾಗಿ ಮೌಸ್‌ಗೆ ಹಿಂದಿರುಗಿದೆ, ಮೂರನೇ ದಾರಿ ಹಿಡಿದೆ. ಸೆಟ್ಟಿಂಗ್ಸ್‌ನಲ್ಲಿ ಫ್ಲೈಟ್ ಅಸಿಸ್ಟ್ ಗುಂಡಿಯನ್ನು ಟಾಗಲ್‌ನಿಂದ (ಒಮ್ಮೆ ಒತ್ತಿದರೆ ಆಫ್, ಮತ್ತೊಮ್ಮೆ ಒತ್ತಿದರೆ ಆನ್) ಹೋಲ್ಡ್‌ಗೆ (ಒತ್ತಿ ಹಿಡಿದಷ್ಟು ಹೊತ್ತು ಆಫ್) ಬದಲಿಸಿ, ಮೌಸ್‌ನ ಹೆಬ್ಬೆರಳ ಬಟನ್‌ಗೆ ಕಟ್ಟಿ. ಕೆಲಸ ಅಷ್ಟೇ. ಈಗ ಆ ಈಗಲ್ ಮತ್ತೆ ಎದುರಿಗೆ ಬಂದು ನಿಮ್ಮನ್ನು ದಾಟಿ ಹಿಂದಕ್ಕೆ ಹೋಯಿತು ಎನ್ನಿ. ಹೆಬ್ಬೆರಳು ಒತ್ತಿ, ಪಿಚ್ ಎಳೆಯಿರಿ. ಹಡಗು ಮುಂದಕ್ಕೇ ಜಾರುತ್ತಿರುತ್ತದೆ, ಮೂತಿ ಮಾತ್ರ ಹಿಂದಕ್ಕೆ ಹೊರಳುತ್ತದೆ. ಈಗಲ್ ಇನ್ನೂ ತಿರುಗುತ್ತಿರುವಾಗಲೇ ಅದರ ಬೆನ್ನು ನಿಮ್ಮ ಗನ್ ಮುಂದೆ ಇರುತ್ತದೆ. ಬೆರಳು ಬಿಡಿ: ತಿರುಗಾಟವನ್ನು ಕಂಪ್ಯೂಟರ್ ತಾನೇ ನಿಲ್ಲಿಸುತ್ತದೆ, ಹಳೇ ಜಾರಾಟಕ್ಕೆ ಮುಖ್ಯ ಇಂಜಿನ್‌ನಿಂದ ಬ್ರೇಕ್ ಹಾಕಿ, ನೋಡುತ್ತಿರುವ ದಿಕ್ಕಿಗೇ ಹೊರಡುತ್ತದೆ. ಪೂರ್ತಿ ಆಫ್‌ನಲ್ಲಿ ಕಲಿಯಲು ಅತಿ ಕಷ್ಟವಾದದ್ದು ತಿರುಗಾಟವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ಇಲ್ಲಿ ಅದು ಪುಕ್ಕಟೆ. ಗಾಣ ಸುತ್ತುವ ಪರಿಸ್ಥಿತಿ ಬಂದರೂ ಇದೇ ಮದ್ದು. ಬೂಸ್ಟ್ (ಕ್ಷಣಕಾಲ ವೇಗ ಹೆಚ್ಚಿಸುವ ಗುಂಡಿ) ಒತ್ತಿ, ತಕ್ಷಣ ಹೆಬ್ಬೆರಳು, ಮೂತಿಯನ್ನು ಸುತ್ತಿನ ಒಳಕ್ಕೆ ಎಳೆಯುವುದು.

ಮೌಸ್‌ಗೆ ಒಂದು ಸೂಚನೆ: ರಿಲೇಟಿವ್ ಮೌಸ್ ಆಯ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ಪರದೆಯ ಮೇಲಿನ ಮೌಸ್ ಗುರುತು ಮಧ್ಯದಿಂದ ಸರಿದಲ್ಲೇ ನಿಂತು, ನೀವು ಕೈ ಆಡಿಸದಿದ್ದರೂ ಹಡಗು ತಿರುಗುತ್ತಲೇ ಇರುತ್ತದೆ.

ಕೊರತೆ ಇಲ್ಲವೆಂದಲ್ಲ. ಒತ್ತಿ ಹಿಡಿದಾಗ ಜಾರುತ್ತಿರುವ ದಿಕ್ಕು ಮರೆತುಹೋಗುತ್ತದೆ. ಕಿಟಕಿಯಾಚೆ ಹಾದುಹೋಗುವ ಧೂಳಿನ ಕಣಗಳ ಮೇಲೆ ಒಂದು ಕಣ್ಣು ಬೇಕು. ಅನಕೊಂಡದಂಥ ಭಾರೀ ಹಡಗಿನಲ್ಲಿ ಬೆರಳು ಬಿಟ್ಟ ಮೇಲೂ ಬಹಳ ಹೊತ್ತು ಜಾರುವುದರಿಂದ ಲಾಭ ಕಡಿಮೆ.

ಹಿಂದಕ್ಕೆ ಹಾರುತ್ತಾ ಬೆನ್ನಟ್ಟುವವನಿಗೆ ಹೊಡೆಯುವ ರಿವರ್ಸ್ಕಿ: ಕಂಪ್ಯೂಟರ್ ಎದುರಾಳಿಗಳ ಮೇಲೆ ನಡೆಯುತ್ತದೆ, ಮನುಷ್ಯರಿಗೆ ಮಾಡಿದರೆ ಬೈಗುಳ ಖಚಿತ.

ಗನ್ ವಿಚಾರಕ್ಕೆ, ಮೌಸ್ ಇದ್ದರೆ ಫಿಕ್ಸೆಡ್, ಅದರ ಪೆಟ್ಟು ಜೋರು. ಗುರಿಯತ್ತ ತಾನೇ ವಾಲುವ ಗಿಂಬಲ್ ಗನ್ ಹಾಕಿದ್ದು, ಎದುರಾಳಿ ಗುರಿ ತಪ್ಪಿಸುವ ಚಾಫ್ ಎರಚಿದರೆ ಗುರಿಯ ಆಯ್ಕೆ ತೆಗೆದುಬಿಡಿ, ಗನ್ ನೇರಕ್ಕೆ ನಿಂತು ಹೊಡೆಯುತ್ತದೆ.

ನಾನು ಆಡುವುದು ಮನೆಯವರೆಲ್ಲ ಮಲಗಿದ ಮೇಲೆ ಸಿಗುವ ಒಂದು ತಾಸು, ಅದೂ ದಿನಾ ಅಲ್ಲ. ಪೂರ್ತಿ ಆಫ್‌ನ ಕೈಚಳಕ ವಾರ ಬಿಟ್ಟರೆ ಮೊಂಡಾಗುತ್ತದೆ. ಹೋಲ್ಡ್ ಗುಂಡಿಯದ್ದು ಹಾಗಲ್ಲ, ಊರಿಗೆ ಹೋಗಿ ಬಂದು ಕೂತರೂ ಹೆಬ್ಬೆರಳಿಗೆ ನೆನಪಿರುತ್ತದೆ. ದಿನಾ ಕೂರುವ ಹುಡುಗರು, ಮನುಷ್ಯರ ಜತೆಗೇ ಕಾದಬೇಕೆನ್ನುವವರು, ಹಾಲ್ ಸೆನ್ಸರ್ ಸ್ಟಿಕ್‌ಗೆ ದುಡ್ಡಿರುವವರು ಪೂರ್ತಿ ಆಫ್‌ಗೇ ಹೋಗಲಿ. ಉಳಿದವರು ಯಾವ ಸ್ಟಿಕ್ಕನ್ನೂ ಕೊಳ್ಳುವ ಮೊದಲು ಆಟದೊಳಗೆ 44,800 ಕ್ರೆಡಿಟ್‌ಗೆ ಒಂದು ಈಗಲ್ ಕೊಂಡು, ಇದ್ದ ಮೌಸ್‌ನಲ್ಲೇ ಈ ಗುಂಡಿಯನ್ನು ಪಳಗಿಸಿ ನೋಡಿ. ಹಡಗು ಒಡೆದರೆ ವಾಪಸ್ ಪಡೆಯಲು ಬೆಲೆಯ 5 ಪ್ರತಿಶತ ಕೊಟ್ಟರಾಯಿತು.