ಸಪ್ತಾಪುರದ ಕೋಣೆಗೆ ಸಿಯೆಸ್ಟಾನೋ ಕ್ವಾಂಟಮ್ ಎಸ್ಪ್ರೆಸೊನೋ?

ಸಿಯೆಸ್ಟಾ, ಕ್ವಾಂಟಮ್ ಎಸ್ಪ್ರೆಸೊ ಎರಡೂ ವಸ್ತುವಿನೊಳಗಿನ ಎಲೆಕ್ಟ್ರಾನ್‌ಗಳ ಲೆಕ್ಕ ಹಾಕುವ ತಂತ್ರಾಂಶಗಳು. ಸ್ವಂತ ಡೆಸ್ಕ್‌ಟಾಪ್‌ನಲ್ಲೇ ಒಂದು ಪದರದ ವಸ್ತುಗಳ ಲೆಕ್ಕ ಹಚ್ಚುವವರು ಕೇಳಿದರೆ ನಾನು ಹೇಳುವುದು ಸಿಯೆಸ್ಟಾ. ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ, 16 ಜಿಬಿ ಮೆಮೊರಿಯ ಯಂತ್ರದ ಮೇಲೆ ಎರಡನ್ನೂ ಓಡಿಸಿದ್ದೇನೆ. ಎರಡೂ ಪುಕ್ಕಟೆ. ಖರ್ಚೆಲ್ಲ ಯಂತ್ರದ್ದು, ಕರೆಂಟಿನದು.

ನನ್ನ ವಸ್ತು ಮಾಲಿಬ್ಡಿನಂ ಡೈಸಲ್ಫೈಡ್. ದಪ್ಪ ಹರಳಾಗಿದ್ದಾಗ ಅದರ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್‌ಗಳು ಇರಲಾಗದ ಶಕ್ತಿಯ ಅಂತರ, ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್, ಅದೂ ಪರೋಕ್ಷ: ಬೆಳಕೊಂದರಿಂದಲೇ ಎಲೆಕ್ಟ್ರಾನ್ ಅದನ್ನು ದಾಟಲಾಗದು. ಒಂದೇ ಪದರಕ್ಕೆ ಇಳಿಸಿದರೆ ಸುಮಾರು 1.8, ಮತ್ತು ನೇರ. ಇಂಗಾಲದ ಒಂದೇ ಪದರವಾದ ಗ್ರಾಫೀನ್‌ಗೆ ಗ್ಯಾಪೇ ಇಲ್ಲ. 75 ಪರಮಾಣುಗಳ ಹಾಳೆಯಿಂದ ಒಂದು ಗಂಧಕ ಕಿತ್ತರೆ ಗ್ಯಾಪಿನೊಳಗೆ ಎಲೆಕ್ಟ್ರಾನ್ ಇರಬಲ್ಲ ಹೊಸ ಶಕ್ತಿ ಮಟ್ಟಗಳು ಮೂಡುತ್ತವೆ. ಅವು ಎಲ್ಲಿ ಕೂರುತ್ತವೆ ಎಂಬುದೇ ನನ್ನ ಹುಡುಕಾಟ.

ಲೆಕ್ಕದಲ್ಲಿ ಹಾಳೆ ಮೇಲಕ್ಕೂ ಕೆಳಕ್ಕೂ ಮರುಕಳಿಸುತ್ತದೆ. ಒಂದಕ್ಕೊಂದು ತಾಗದಿರಲು ನಡುವೆ 20 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಖಾಲಿ ಬಯಲು ಬಿಡುತ್ತೇನೆ. ಹಾಳೆಯ ದಪ್ಪವೋ ಮೂರು ಚಿಲ್ಲರೆ. ಎಸ್ಪ್ರೆಸೊ ಹಾಳೆ, ಬಯಲು ಸೇರಿದ ಇಡೀ ಪೆಟ್ಟಿಗೆಯನ್ನು ಎಲ್ಲೆಡೆ ಸಮನಾಗಿ ಹರಡುವ ಸಮತಲ ಅಲೆಗಳಿಂದ ತುಂಬುವುದರಿಂದ ಬಯಲಿಗೂ ಮೆಮೊರಿ ಕೊಡಬೇಕು. ಸಿಯೆಸ್ಟಾ ಪರಮಾಣುಗಳ ಸುತ್ತ ಮಾತ್ರ ಆರ್ಬಿಟಲ್ (ಪರಮಾಣುವಿನ ಸುತ್ತಲಿನ ಎಲೆಕ್ಟ್ರಾನ್ ಅಲೆ) ಇಡುತ್ತದೆ; ಬಯಲು ಹೆಚ್ಚುಕಡಿಮೆ ಬಿಟ್ಟಿ.

ಇದಕ್ಕಿಂತ ಕಾಡಿದ್ದು ಜುಲೈ ಮಳೆ. ಜಿಟಿಜಿಟಿ ಹಿಡಿದರೆ ಕರೆಂಟಿನ ಭರವಸೆ ಇಲ್ಲ, ನನ್ನ ಯುಪಿಎಸ್ ತಡೆಯುವುದು 20 ನಿಮಿಷ. ಒಂದು ರಾತ್ರಿ ಎಸ್ಪ್ರೆಸೊ ಒಂಬತ್ತು ತಾಸು ಓಡಿ, ಇನ್ನೇನು ಮುಗಿಯಿತು ಅನ್ನುವಾಗ ಯಂತ್ರ ಆರಿತು.

"ಕರೆಂಟ್ ಹೋತಂತ ಇಷ್ಟ್ಯಾಕ ಮುಖ ಸಣ್ಣ ಮಾಡ್ಕೊಂಡಿ ತಮ್ಮಾ, ಬರತೈತಿ ತಗೋ" ಅಂದರು ಮನೆಯ ಆಯಿ.

"ಕರೆಂಟ್ ಬರತೈತ್ರಿ ಆಯಿ, ಲೆಕ್ಕ ಬರೂದಿಲ್ರಿ."

ಎಸ್ಪ್ರೆಸೊ ನಿಂತಲ್ಲಿಂದ ಏಳಬೇಕಾದರೆ ಅದನ್ನು ಶಿಸ್ತಾಗಿ ನಿಲ್ಲಿಸಿರಬೇಕು. ಇಷ್ಟು ಸೆಕೆಂಡಾದ ಮೇಲೆ ನಿಲ್ಲು ಎಂದು ಮೊದಲೇ ಬರೆದಿಡಬೇಕು, ಇಲ್ಲವೇ ಓಡುತ್ತಿರುವಾಗ ಫೋಲ್ಡರಿನಲ್ಲಿ ಎಕ್ಸಿಟ್ ಫೈಲು ಇಡಬೇಕು. ನಡುರಾತ್ರಿ ನಿದ್ದೆಯಲ್ಲಿದ್ದವನು ಯಾವ ಫೈಲು ಇಟ್ಟಾನು? ಸಿಯೆಸ್ಟಾ ಹಾಗಲ್ಲ. ಲೆಕ್ಕದ ಪ್ರತಿ ಸುತ್ತಿಗೂ ಡೆನ್ಸಿಟಿ ಮ್ಯಾಟ್ರಿಕ್ಸನ್ನು, ಅಂದರೆ ಎಲೆಕ್ಟ್ರಾನ್‌ಗಳ ಹಂಚಿಕೆಯ ಅಲ್ಲಿಯವರೆಗಿನ ಅಂದಾಜನ್ನು, ಡಿಸ್ಕಿಗೆ ಬರೆದಿಡುತ್ತದೆ. ಹಳೆಯದನ್ನೇ ಓದಿಕೋ ಎಂಬ ಒಂದು ಸಾಲು ಇನ್‌ಪುಟ್‌ನಲ್ಲಿದ್ದರೆ ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ.

ನಿಖರತೆಯಲ್ಲಿ ಎಸ್ಪ್ರೆಸೊ ಮೇಲು. ಎಷ್ಟು ಅಲೆ ಬಳಸಬೇಕೆಂಬ ಮಿತಿ, ಅಂದರೆ ಕಟಾಫ್, ಏರಿಸುತ್ತ ಹೋದಂತೆ ಉತ್ತರ ಒಂದು ಕಡೆ ನಿಲ್ಲುತ್ತದೆ. ಸಿಯೆಸ್ಟಾದಲ್ಲಿ ಆರ್ಬಿಟಲ್‌ಗಳನ್ನು ನಾವೇ ಪರೀಕ್ಷಿಸಿ ಆರಿಸಬೇಕು. ಎರಡು ಪದರ ಜೋಡಿಸಿದಾಗಲಂತೂ, ತಿದ್ದುಪಡಿ ಹಾಕದಿದ್ದರೆ, ಅವು ಇರಬೇಕಾದ್ದಕ್ಕಿಂತ ಹತ್ತಿರ ಬಂದು ಕೂರುತ್ತವೆ. ಅಂಥ ಪುಟ್ಟ ಲೆಕ್ಕಗಳನ್ನು ನಾನು ಎಸ್ಪ್ರೆಸೊಗೇ ಕೊಡುತ್ತೇನೆ, ಅದೂ ಹಗಲು ಎದುರಿಗೆ ಕೂತು.

ಮೆಮೊರಿ 32 ಜಿಬಿ ಮಾಡಿಸಲು ಕೂಡಿಟ್ಟಿದ್ದ ದುಡ್ಡು ಹಾಗೇ ಇದೆ. ಈ ಮಳೆಗಾಲವೂ ಸಿಯೆಸ್ಟಾ ರಾತ್ರಿಯಿಡೀ ಓಡುತ್ತಿದೆ.