ಸದಾಶಿವಗಡ ಕಡೆಯ ಹಳೆ ಸಿಮೆಟ್ರಿಲಿ ಅಜ್ಜಿಯ ಅಪ್ಪನ ಕಲ್ಲು ಹುಡುಕಿಕೊಟ್ಟವರು

ನಾವೀಗ ಹುಬ್ಬಳ್ಳಿಲಿ ಇರೋದು, ಅಮ್ಮನ ಕಡೆಯವರೆಲ್ಲ ಕಾರವಾರದವರು, ಕಾಳಿ ನದಿ ಆಚೆ. ಅಜ್ಜಿಯ ಅಪ್ಪನ್ನ ಅಲ್ಲೇ ಹಳೆ ಸಿಮೆಟ್ರಿಲಿ ಮಣ್ಣು ಮಾಡಿದ್ದು ಅಂತ ಕೇಳಿದ್ದು ಬಿಟ್ರೆ ಜಾಗ ಕಂಡವರು ಯಾರೂ ಉಳಿದಿಲ್ಲ. ಹೋಗಿ ನೋಡಿದ್ರೆ ಚಿರೆಕಲ್ಲಿನ ಕಾಂಪೌಂಡ್ ಅರ್ಧ ಬಿದ್ದಿದೆ, ಒಳಗೆ ಕಮ್ಯುನಿಸ್ಟ್ ಗಿಡ ಅನ್ನೋ ಕಳೆ ಎದೆಮಟ್ಟ, ಅಮ್ಮಂಗೆ ಅಳುನೇ ಬಂತು.

ಮಾವ ಹೇಳಿದ್ರು ಅಂತ ಸಮಾಧಿ ಕಲ್ಲಿನ ಕೆಲಸ ಮಾಡೋ ಅಣ್ಣ ಒಬ್ರನ್ನ ಕರೆಸಿದ್ವಿ, ಜೊತೆಗೊಬ್ಬ ಹುಡುಗ, ಇಬ್ರಿಗೂ ಸೇರಿ ದಿನಕ್ಕೆ 1800. ಕತ್ತಿಲಿ ಗಿಡ ಸವರಿದ್ರು, ಬೇರು ಮಾತ್ರ ಕೀಳಲಿಲ್ಲ, ಕಿತ್ರೆ ಕಲ್ಲು ಎದ್ದು ಒಡೆಯುತ್ತಂತೆ. ಆಮೇಲೆ ಬರೀ ನೀರು, ಮೆತ್ತನೆ ಬ್ರಷ್. ಇದಕ್ಕೇ ನಂಗೆ ಅವರ ಮೇಲೆ ಗೌರವ ಬಂದಿದ್ದು, ಯಾಕಂದ್ರೆ ಎರಡು ವರ್ಷದ ಹಿಂದೆ ಬೇರೆ ಕಡೆ ದೊಡ್ಡಪ್ಪನ ಅಮೃತಶಿಲೆ ಕಲ್ಲಿಗೆ ಯಾರೋ ಒಬ್ರು ಆಸಿಡ್ ಹಾಕಿ ತಿಕ್ಕಿ ಇಸವಿನೇ ಅಳಿಸಿಬಿಟ್ರು, ಅಮೃತಶಿಲೆ ಆಸಿಡ್‌ಗೆ ಕರಗುತ್ತೆ, ಹೋದ ಅಕ್ಷರ ಮತ್ತೆ ಬರಲ್ಲ ಮಾರಾಯ್ರೆ.

ಮಧ್ಯಾಹ್ನದ ಹೊತ್ತಿಗೆ ಪಾಚಿ ಹೋದ ಒಂದು ಕಲ್ಲಿನ ಪಕ್ಕ ಕೂತು, ಚೀಲದಿಂದ ಮುಖ ನೋಡೋ ಕನ್ನಡಿ ತೆಗೆದು ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬೀಳೋ ಹಾಗೆ ಹಿಡಿದ್ರು. ಎಂತದೂ ಕಾಣದಿದ್ದ ಕಡೆ ಗೆರೆ ಗೆರೆಗೂ ನೆರಳು ಬಿತ್ತು. ಆಕಿ ಜಾಜ್, ಅಂದ್ರೆ ಪೋರ್ಚುಗೀಸಲ್ಲಿ ಇಲ್ಲಿ ಮಲಗಿದ್ದಾರೆ. ಕೆಳಗೆ ಅಜ್ಜಿಯ ಅಪ್ಪನ ಹೆಸರು, ಕೊನೆಲಿ ಪಿ.ಎನ್. ಎ.ಎಂ. ಅದೆಂತದು ಅಂತ ನಾನು ಕೇಳೋದ್ರೊಳಗೆ ಅಮ್ಮ ಚಪ್ಪಲಿ ಬಿಟ್ಟು ನಿಂತಾಗಿತ್ತು, ಒಂದು ಪಾದ್ರೆ ನೋಸ್ಸು (ಪರಲೋಕದ ತಂದೆಯ ಪ್ರಾರ್ಥನೆ), ಒಂದು ಆವೆ ಮರಿಯಾ (ಮರಿಯಮ್ಮನ ಪ್ರಾರ್ಥನೆ) ಹೇಳಿ ಹೋಗಿ ಅಂತ ಸತ್ತವರು ಕೇಳೋದು ಅದು ಅಂದ್ಲು, ಎರಡೂ ಹೇಳಿದ್ಲು.

ಎಲ್ಲರಿಗೂ ಕಲ್ಲು ಸಿಗಲ್ಲ, ಅದೂ ಗೊತ್ತಿರಲಿ. ಈ ಕರಾವಳಿ ಕಡೆ ದುಡ್ಡು ಕೊಟ್ಟು ಕೊಂಡ್ಕೊಳ್ಳದ ಸಮಾಧಿ ಗುಂಡಿಯನ್ನ ಕೆಲವು ವರ್ಷ ಆದ್ಮೇಲೆ ಮತ್ತೆ ಬಳಸ್ತಾರೆ, ಎಲುಬು ಬೇರೆ ಕಡೆ ಹಾಕ್ತಾರೆ, ಆಗ ಚರ್ಚಿನ ಮರಣದ ರಿಜಿಸ್ಟರ್ ಒಂದೇ ದಾರಿ. 1953ರಲ್ಲಿ ಬೆಳಗಾವಿ ಡಯಾಸಿಸ್ (ಒಬ್ಬ ಬಿಷಪ್ ಕೈಕೆಳಗಿನ ಚರ್ಚುಗಳ ವಲಯ) ಆಗೋ ಮುಂಚೆ ಈ ಕಡೆ ಚರ್ಚುಗಳಿಗೆ ಗೋವಾದ ಆರ್ಚ್‌ಬಿಷಪ್ ಆಡಳಿತ, ಹಾಗಾಗಿ ಹಳೇ ಪುಸ್ತಕ ಪೋರ್ಚುಗೀಸ್, ಲ್ಯಾಟಿನ್‌ಲ್ಲಿದ್ರೆ ಗಾಬರಿ ಆಗ್ಬೇಡಿ, ಹೆಸರು ತಾರೀಕು ಓದಕ್ಕೆ ಬರುತ್ತೆ.

ಒಂದೇ ಕೊರತೆ, ಅಣ್ಣ ಫೋಟೊ ಕಳಿಸಲ್ಲ, ನೀವೇ ಜೊತೆಗಿರ್ಬೇಕು. ಐದಕ್ಕೆ ಐದು ಸ್ಟಾರ್. ನವೆಂಬರ್ 2ರ ಸತ್ತವರ ಹಬ್ಬಕ್ಕೆ ಬೇಕಿದ್ರೆ ದಸರಾಕ್ಕೂ ಮೊದಲೇ ಹೇಳಿಡಿ, ಆಮೇಲೆ ಎಲ್ಲರೂ ಕರೀತಾರೆ, ಅವರು ಸಿಗಲ್ಲ.