ಚೀಟಿಯಲ್ಲಿ ಮಾತ್ರ ಬೆಳೆದ ಸ್ನಾಯು: ಜಿಮ್ ಪ್ಯಾಕೇಜ್‌ಗೆ ಹಣ ಕಟ್ಟುವ ಮೊದಲು ಓದಿ

"ಮೂರು ತಿಂಗಳಲ್ಲಿ ಮೂರು ಕಿಲೋ ಶುದ್ಧ ಸ್ನಾಯು, ಯಂತ್ರದ ದಾಖಲೆ ಸಹಿತ" ಎಂದು ಯಾವ ತರಬೇತುದಾರ ಹೇಳಿದರೂ ಹಣ ಕೊಡಬೇಡಿ. ಕೊಡಲೇಬೇಡಿ. ಅಂಥ ದಾಖಲೆ ನನ್ನ ಬಳಿಯೂ ಇದೆ. ಸ್ನಾಯು ಮಾತ್ರ ಇಲ್ಲ.

ಪ್ಯಾಕೇಜ್ ಎಂದರೆ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ: ಆಹಾರದ ಪಟ್ಟಿ, ವ್ಯಾಯಾಮದ ಪಟ್ಟಿ, ಪುಡಿಯ ಡಬ್ಬಗಳು, ಪೂರ್ತಿ ಹಣ ಮುಂಗಡ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆಟ ನಡೆದದ್ದು ಅಳತೆಯಲ್ಲಿ. ಸೇರಿದ ದಿನ ಅಳತೆ ತೆಗೆಯಲಿಲ್ಲ. "ಮೊದಲು ದೇಹ ಶುದ್ಧವಾಗಲಿ ಸರ್, ಆಮೇಲೆ ನಿಜವಾದ ಅಂಕಿ ಸಿಗುತ್ತದೆ" ಎಂದ ನನ್ನ ತರಬೇತುದಾರ. ಶುದ್ಧೀಕರಣದ ವಾರವಂತೆ! ಕಾರ್ಬೋಹೈಡ್ರೇಟ್ ಇರುವ ಪದಾರ್ಥ ಬಾಯಿಗೆ ಹಾಕುವಂತಿಲ್ಲ, ವ್ಯಾಯಾಮ ಮಾತ್ರ ದಂಡಿಯಾಗಿ. ವಾರ ಮುಗಿದ ಮೇಲೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೈಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಚೀಟಿ ಕೊಡುವ ಯಂತ್ರದ ಮೇಲೆ ನಿಲ್ಲಿಸಿದ. ಕೊನೆಯ ಅಳತೆಗೆ ಇದೆಲ್ಲ ತಲೆಕೆಳಗು. ಹಿಂದಿನ ಕೆಲವು ದಿನ "ಈಗ ಕಾರ್ಬೋಹೈಡ್ರೇಟ್ ಧಾರಾಳವಾಗಿ ತಿನ್ನಿ ಸರ್" ಎಂಬ ಅಪ್ಪಣೆ. ಅಷ್ಟರಲ್ಲಿ ಕ್ರಿಯೇಟಿನ್ ಪುಡಿ ದಿನವೂ ನಡೆದಿತ್ತು. ಅಳತೆ ಸಂಜೆ, ವ್ಯಾಯಾಮ ಮುಗಿದು ಮೈ ಬಿಸಿಯಾಗಿರುವಾಗ. ಚೀಟಿ ಹೊರಬಂತು, ಮೂರು ಕಿಲೋ ಹೆಚ್ಚು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಗಿ ಬಿಚ್ಚಿಸಿ ಫೋಟೋ ತೆಗೆದರು.

ಆ ಚಪ್ಪಾಳೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಏಕೆಂದರೆ ಆ ಯಂತ್ರ ಸ್ನಾಯುವನ್ನು ತೂಗುವುದೇ ಇಲ್ಲ. ಮೈಯೊಳಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ, ಅದಕ್ಕೆ ಎಷ್ಟು ತಡೆ ಬಂತು ಎಂದು ನೋಡಿ, ನೀರು ಎಷ್ಟಿದೆ ಎಂದು ಅಂದಾಜು ಮಾಡಿ, ಅದರಿಂದ ಕೊಬ್ಬು ಬಿಟ್ಟು ಉಳಿದದ್ದನ್ನು ಲೆಕ್ಕ ಹಾಕುತ್ತದೆ. ನೀರು ಹೆಚ್ಚಾದರೆ "ಸ್ನಾಯು" ಹೆಚ್ಚು. ಸ್ನಾಯುಗಳು ಸುಮಾರು 400 ಗ್ರಾಂ ಗ್ಲೈಕೋಜನ್, ಅಂದರೆ ತಿಂದ ಕಾರ್ಬೋಹೈಡ್ರೇಟಿನ ದಾಸ್ತಾನು, ಹಿಡಿದಿಟ್ಟುಕೊಳ್ಳುತ್ತವೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು. ಕಾರ್ಬೋಹೈಡ್ರೇಟ್ ನಿಲ್ಲಿಸಿ ದಂಡಿಸಿದರೆ ಇದರಲ್ಲಿ ಬಹುಪಾಲು ಖಾಲಿ, ಮತ್ತೆ ತಿಂದರೆ ಭರ್ತಿ. ಒಂದು ಕಿಲೋಗಿಂತ ಹೆಚ್ಚು ಇಲ್ಲೇ ಆಯಿತು. ಕ್ರಿಯೇಟಿನ್ ಸ್ನಾಯುವಿನೊಳಗೆ ನೀರು ಎಳೆದುಕೊಳ್ಳುವುದರಿಂದ ಮೊದಲ ವಾರಗಳಲ್ಲೇ ಇನ್ನೊಂದು ಕಿಲೋ ಆಸುಪಾಸು ಏರುವುದು ಸಾಮಾನ್ಯ. ಬಿಸಿ ಮೈಯ ಎಡವಟ್ಟು ಬೇರೆ: ಮೈ ಬಿಸಿಯಾದರೆ ಪ್ರವಾಹಕ್ಕೆ ತಡೆ ಕಡಿಮೆ, ಯಂತ್ರಕ್ಕೆ ಅದೂ ಹೆಚ್ಚು ನೀರಿನಂತೆಯೇ ಕಾಣುತ್ತದೆ. ಹಿಂಡಿದ ಬಟ್ಟೆಯನ್ನು ತೂಗಿ, ನೆನೆಸಿ ಮತ್ತೆ ತೂಗಿ, ಬಟ್ಟೆ ಬೆಳೆದಿದೆ ಎಂದು ಮಾರುವ ವ್ಯಾಪಾರ ಇದು.

ಇದು ಬಯಲಾದದ್ದು ಪುಡಿ ಮುಗಿದು ತಿಂಗಳ ಮೇಲಾದಾಗ. ವ್ಯಾಯಾಮ ಬಿಟ್ಟಿರಲಿಲ್ಲ. ಜ್ವರ ಬಂದು ಕೆಲವು ದಿನ ಊಟ ಸೇರಿರಲಿಲ್ಲ, ಅಷ್ಟೆ. ಅದೇ ಯಂತ್ರ, ಬೆಳಿಗ್ಗೆ, ಖಾಲಿ ಹೊಟ್ಟೆ. ಮೂರು ಕಿಲೋದಲ್ಲಿ ಉಳಿದದ್ದು ಕೆಲವು ನೂರು ಗ್ರಾಂ. ಚೀಟಿ ಹಿಡಿದು ಕೇಳಿದೆ. ಫೋಟೋ ತೆಗೆದ ದಿನ "ಯಂತ್ರ ಸುಳ್ಳು ಹೇಳುವುದಿಲ್ಲ ಸರ್" ಎಂದಿದ್ದವನು ಈಗ ಹೇಳಿದ್ದು: "ಯಂತ್ರವನ್ನು ಅಷ್ಟೆಲ್ಲ ನಂಬಬಾರದು ಸರ್." ಅದೇ ಬಾಯಿ! ನಾನು ಬಿಡದಿದ್ದಾಗ "ಪುಡಿ ನಿಲ್ಲಿಸಿದ್ದೀರಿ, ಅದಕ್ಕೇ ಸ್ನಾಯು ಕರಗಿದೆ" ಎಂದ. ಜ್ವರದ ನಾಲ್ಕು ದಿನದಲ್ಲಿ ಅಷ್ಟು ಕಿಲೋ ಸ್ನಾಯು ಕರಗಿತೇ ಎಂದರೆ "ನಿಮ್ಮ ದೇಹಪ್ರಕೃತಿ ಹಾಗಿದೆ". ಬೆಳೆದರೆ ಅವನ ತರಬೇತಿ, ಕರಗಿದರೆ ನನ್ನ ದೇಹಪ್ರಕೃತಿ. ಹಣ ಕೇಳಿದ್ದಕ್ಕೆ ಮುಂದಿನ ಪ್ಯಾಕೇಜ್‌ನಲ್ಲಿ ರಿಯಾಯಿತಿ ಕೊಡುತ್ತಾನಂತೆ. ಜಾಹೀರಾತಿನಿಂದ ನನ್ನ ಫೋಟೋ ತೆಗೆಯಿರಿ ಎಂದರೆ, "ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೀರಿ ಸರ್." ಆ ಜಾಹೀರಾತು ನೋಡಿ ಸೇರಿದವರೊಬ್ಬರು ನನ್ನ ತೋಳು ಮುಟ್ಟಿ ನೋಡಿ, ಏನೂ ಹೇಳದೆ ನಕ್ಕರು. ಆ ನಗೆಗೆ ಏನೆಂದು ಉತ್ತರ ಕೊಡಲಿ?

ಇನ್ನು ವ್ಯಾಯಾಮದ ಕಥೆ. ದಿನಕ್ಕೊಂದು ಹೊಸ ಕಸರತ್ತು. "ಸ್ನಾಯುವಿಗೆ ಗೊಂದಲ ಹುಟ್ಟಬೇಕು ಸರ್, ಆಗ ಬೆಳೆಯುತ್ತದೆ." ಸ್ನಾಯುವಿಗಲ್ಲ, ಗೊಂದಲ ಹುಟ್ಟಿದ್ದು ನನಗೆ. ಯಾವ ಕಸರತ್ತಿನಲ್ಲಿ ಎಷ್ಟು ಭಾರ, ಎಷ್ಟು ರೆಪ್ (ನಿಲ್ಲಿಸದೆ ಮಾಡುವ ಒಂದು ಸೆಟ್‌ನಲ್ಲಿ ಎಷ್ಟು ಸಲ ಎತ್ತಿದೆ) ಎಂದು ಒಂದು ಕಡೆಯೂ ಬರೆದಿಡಲಿಲ್ಲ. ಕೊನೆಯ ವಾರವೂ ಮೊದಲ ತಿಂಗಳ ಡಂಬೆಲ್‌ಗಳೇ ಕೈಯಲ್ಲಿದ್ದವು. ಭಾರವೋ ರೆಪ್ಪೋ ಏರುತ್ತಾ ಹೋಗದೆ, ಇನ್ನೆರಡು ರೆಪ್ ಎತ್ತಿದರೆ ಕೈ ಸೋಲುತ್ತದೆ ಎನ್ನುವಲ್ಲಿಯವರೆಗೆ ಸೆಟ್ ಹೋಗದೆ ಸ್ನಾಯು ಯಾಕೆ ಬೆಳೆಯಬೇಕು? ಆರಂಭದಲ್ಲಿ ಬಲ ಹೆಚ್ಚಿದಂತೆ ಅನಿಸುವುದೂ ಬಹುಮಟ್ಟಿಗೆ ನರವ್ಯೂಹದ ಕಲಿಕೆ. ಮರುದಿನದ ಮೈಕೈ ನೋವನ್ನು ತೋರಿಸಿ "ನೋಡಿ, ಬೆಳೆಯುತ್ತಿದೆ" ಎನ್ನುತ್ತಿದ್ದ. ನೋವು ಬೆಳವಣಿಗೆಯ ಅಳತೆಗೋಲಲ್ಲ.

ಡಬ್ಬಗಳ ಬಗ್ಗೆಯೂ ಕೇಳಿ. ಹಾಲಿನಿಂದ ತೆಗೆದ ವೇ ಪ್ರೋಟೀನ್ ಜೊತೆಗೆ ಬಿಸಿಎಎ ಎಂಬ ಅಮೈನೋ ಆಮ್ಲಗಳ ಡಬ್ಬವನ್ನೂ ಕಟ್ಟಿದ. ಅಮೈನೋ ಆಮ್ಲ ಎಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆ; ಊಟದಿಂದಲೇ ಬರಬೇಕಾದ ಅತ್ಯಗತ್ಯ ಅಮೈನೋ ಆಮ್ಲಗಳು ಒಂಬತ್ತು, ಆ ಡಬ್ಬದಲ್ಲಿರುವುದು ಮೂರು, ಆ ಮೂರೂ ವೇ ಪ್ರೋಟೀನಿನಲ್ಲಿ ಮೊದಲೇ ಇವೆ! ಒಂದೇ ವಸ್ತುವಿಗೆ ಎರಡು ಬಿಲ್. ಕ್ರಿಯೇಟಿನ್ ಬೇಕಾದರೆ ದಿನಕ್ಕೆ 3ರಿಂದ 5 ಗ್ರಾಂ ಸಾಕು, ಅದು ಒಳ್ಳೆಯ ಪುಡಿಯೇ. ಅದು ತಂದ ನೀರನ್ನು ಸ್ನಾಯು ಎಂದು ಮಾರಿದ್ದಕ್ಕೆ ನನ್ನ ಸಿಟ್ಟು. ಪ್ರೋಟೀನ್ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಆಸುಪಾಸು ಬಂದರೆ ಹೆಚ್ಚಿನವರಿಗೆ ಸಾಕು, ಅಂದರೆ 70 ಕಿಲೋ ಇರುವವರಿಗೆ ಸುಮಾರು 112 ಗ್ರಾಂ. ಊಟದಿಂದಲೇ ಬಂದರೆ ಡಬ್ಬವೇ ಬೇಡ. ಅವನ ಪಟ್ಟಿಯಲ್ಲಿ ಊಟ ಎಷ್ಟು ಕಡಿಮೆ ಇತ್ತೆಂದರೆ ಪುಡಿ ಇಲ್ಲದೆ ಆ ಲೆಕ್ಕ ತಲುಪುವುದೇ ಸಾಧ್ಯವಿರಲಿಲ್ಲ. ಈಗ ಅರ್ಥವಾಗುತ್ತದೆ ಯಾಕೆಂದು.

ಸೇರಲೇಬೇಕು ಎನ್ನುವವರು ಹಣ ಕಟ್ಟುವ ಮೊದಲು, ಯಾವ "ಶುದ್ಧೀಕರಣ"ವೂ ಶುರುವಾಗುವ ಮೊದಲು, ಮೊದಲ ಅಳತೆ ತೆಗೆಸಿ. ಪ್ರತಿ ಸಲವೂ ಅದೇ ಹೊತ್ತು, ಅದೇ ಖಾಲಿ ಹೊಟ್ಟೆ. ತೋಳು ತೊಡೆಗಳ ಸುತ್ತಳತೆಯನ್ನು ಟೇಪಿನಿಂದ ನೀವೇ ತೆಗೆದುಕೊಳ್ಳಿ. ಎತ್ತಿದ ಭಾರವನ್ನು ನೀವೇ ಬರೆದಿಡಿ. ಫೋಟೋದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. ಇದಕ್ಕೆ ತರಬೇತುದಾರ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ.